‘ಒಂದೆರಡು ಕಡೆ ಭಾರಿ ಮಳೆ’: ಹವಾ ವರದಿಯ ಭಾಷೆ

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಒಂದು ಸಂಜೆ, ಚಿತ್ರದುರ್ಗದಲ್ಲಿ ನನ್ನ ಬಳಿ ಭೌತಶಾಸ್ತ್ರ ಓದುತ್ತಿದ್ದ ಹಿರಿಯೂರು ತಾಲ್ಲೂಕಿನ ವಿದ್ಯಾರ್ಥಿಯೊಬ್ಬನು ತನ್ನ ತಂದೆಯವರನ್ನು ಕರೆದುಕೊಂಡು ಮನೆಗೆ ಬಂದನು. ಅವನ ಮೊಬೈಲಿನಲ್ಲಿ ಹವಾಮಾನ ಇಲಾಖೆಯ ಇಂಗ್ಲಿಷ್ ಪ್ರಕಟಣೆಯ ಒಂದು ವಾಕ್ಯವಿದ್ದಿತು. ನಮ್ಮ ಲಿಪಿಯಲ್ಲಿ ಬರೆದರೆ ಅದು ಹೀಗಾಗುತ್ತದೆ: ‘ಐಸೊಲೇಟೆಡ್ ಹೆವಿ ರೇನ್‌ಫಾಲ್ ಲೈಕ್ಲಿ ಓವರ್ ಸೌತ್ ಇಂಟೀರಿಯರ್ ಕರ್ನಾಟಕ.’

“ಇದರ ಅರ್ಥವೇನು ಸಾರ್?” ಎಂದು ಹುಡುಗನು ಕೇಳಿದನು.

“ದಕ್ಷಿಣ ಒಳನಾಡಿನಲ್ಲಿ ಭಾರಿ ಮಳೆಯಾಗುತ್ತದಂತೆ” ಎಂದೆ.

“ಹಾಗಾದರೆ ನಾಳೆ ಕೂರಿಗೆ ಹೂಡಬಹುದಲ್ಲ ಮೇಷ್ಟ್ರೇ?” ಎಂದರು ತಂದೆ.

“ಧಾರಾಳವಾಗಿ ಹೂಡಿ ಯಜಮಾನರೇ” ಎಂದುಬಿಟ್ಟೆ.

ಮಾರನೆಯ ದಿನ ಅವರು ಮೂರು ಎಕರೆ ಒಣನೆಲಕ್ಕೆ ಶೇಂಗಾ ಬಿತ್ತಿದರು. ಮಳೆಯೇನೋ ಬಂದಿತು, ಆದರೆ ಅದು ಬಂದದ್ದು ಮಲೆನಾಡಿಗೆ. ಹಿರಿಯೂರಿನ ಬಯಲಿಗೆ ಬಂದದ್ದು ಮೋಡ ಮತ್ತು ಗಾಳಿ ಮಾತ್ರ. ಹತ್ತು ದಿನಗಳ ಬಳಿಕ ನಾಲ್ಕು ಹನಿ ಉದುರಿತು. ಅದನ್ನು ನಂಬಿ ಮೊಳೆತ ಬೀಜ ಒಣಗಿತು. ಮೊಳೆಯದ ಬೀಜವನ್ನು ಇರುವೆಗಳು ತಿಂದವು. “ಹವಾಮಾನದವರು ಹೇಳಿದ್ದು ಸುಳ್ಳಾಯಿತು ಸಾರ್” ಎಂದು ಹುಡುಗನು ಹೇಳಿದಾಗ ನಾನು ಆ ವಾಕ್ಯವನ್ನು ಇನ್ನೊಮ್ಮೆ ಓದಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸುಳ್ಳಾದದ್ದು ನನ್ನ ಭಾಷಾಂತರ. ವಾಕ್ಯದಲ್ಲಿ ನಾಲ್ಕು ಮುಖ್ಯ ಮಾತುಗಳಿದ್ದುವು. ಒಂದನ್ನು ನಾನು ಬಿಟ್ಟೇಬಿಟ್ಟಿದ್ದೆ; ಉಳಿದ ಮೂರಕ್ಕೆ ನಿಘಂಟಿನ ಅರ್ಥವನ್ನು ಹಚ್ಚಿದ್ದೆ.

ಹವಾ ವರದಿಯ ಪದಗಳು ನೋಡುವುದಕ್ಕೆ ದಿನಬಳಕೆಯ ಇಂಗ್ಲಿಷ್ ಪದಗಳೇ. ಆದರೆ ಭೌತಶಾಸ್ತ್ರದಲ್ಲಿ ‘ಕೆಲಸ’, ‘ಶಕ್ತಿ’ ಎಂಬ ಮಾತುಗಳಿಗೆ ಮನೆಯ ಅರ್ಥ ಬೇರೆ, ಪಾಠದ ಅರ್ಥ ಬೇರೆ ಇರುವಂತೆ, ಇಲ್ಲಿಯೂ ಪ್ರತಿಯೊಂದು ಪದಕ್ಕೂ ಗೊತ್ತಾದ ಅಳತೆಯುಂಟು. ಆ ಅಳತೆಯನ್ನು ತಿಳಿಯದೆ ಓದಿದರೆ ಇಂಗ್ಲಿಷನ್ನು ಚೆನ್ನಾಗಿ ಬಲ್ಲವನೂ ಮೋಸಹೋಗುತ್ತಾನೆ.

ಪದಗಳಿಗೆ ಅಳತೆ ಏಕೆ ಬೇಕಾಯಿತು?

ನಮ್ಮ ಹಿರಿಯರೂ ಮಳೆಗೆ ಹೆಸರುಗಳನ್ನು ಇಟ್ಟಿದ್ದಾರೆ. ರೋಹಿಣಿ, ಮೃಗಶಿರ, ಆರಿದ್ರ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಂಬ ಮಳೆನಕ್ಷತ್ರಗಳನ್ನು ಬಲ್ಲದ ರೈತನಿಲ್ಲ. ಸೂರ್ಯನು ಒಂದು ವರ್ಷದಲ್ಲಿ ಇಪ್ಪತ್ತೇಳು ನಕ್ಷತ್ರಗಳನ್ನು ದಾಟುವನಾದ್ದರಿಂದ ಒಂದೊಂದು ಮಳೆಯ ಅವಧಿಯೂ ಸುಮಾರು ಹದಿಮೂರೂವರೆ ದಿನ. ಇದು ಯಾವ ಕಾಲದಲ್ಲಿ ಯಾವ ಕೆಲಸ ಎಂಬುದನ್ನು ಹೇಳುವ ಒಳ್ಳೆಯ ಪಂಚಾಂಗ. ಆದರೆ ಈ ವರ್ಷದ ಆರಿದ್ರೆ ಎಷ್ಟು ಸುರಿದೀತು, ಎಲ್ಲಿ ಸುರಿದೀತು ಎಂಬುದನ್ನು ಅದು ಹೇಳಲಾರದು.

ಅದನ್ನು ಹೇಳಬೇಕಾದರೆ ನೂರಾರು ಊರುಗಳಲ್ಲಿ ಒಂದೇ ಹೊತ್ತಿನಲ್ಲಿ ಅಳೆಯಬೇಕು; ಅಳೆದುದನ್ನು ಒಂದೆಡೆ ಕೂಡಿಸಬೇಕು. ೧೮೬೪ರಲ್ಲಿ ಕಲ್ಕತ್ತೆಗೆ ಭೀಕರ ಚಂಡಮಾರುತ ಬಡಿಯಿತು. ೧೮೬೬ರಲ್ಲಿಯೂ ೧೮೭೧ರಲ್ಲಿಯೂ ಮಳೆ ಕೈಕೊಟ್ಟಿತು. ಇಂತಹ ಕಷ್ಟಗಳ ಬೆನ್ನಿನಲ್ಲಿಯೇ ೧೮೭೫ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪಿತವಾಯಿತು, ಎಚ್. ಎಫ್. ಬ್ಲಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥರಾದರು. ಚಿತ್ರದುರ್ಗದಲ್ಲಿಯೂ ಇಲಾಖೆಯ ವೀಕ್ಷಣಾಲಯವೊಂದಿದೆ. ಹೀಗೆ ಅನೇಕ ಊರುಗಳ ಅಳತೆಗಳನ್ನು ಒಂದೇ ವಾಕ್ಯದಲ್ಲಿ ಅಡಕಮಾಡಿ ಹೇಳಬೇಕಾದಾಗ, ಒಬ್ಬನ ‘ಭಾರಿ’ ಇನ್ನೊಬ್ಬನ ‘ಸಾಧಾರಣ’ ಆಗಕೂಡದು. ಆದಕಾರಣ ಪದಗಳಿಗೆ ಎಲ್ಲೆಗಳನ್ನು ಗೊತ್ತುಮಾಡಬೇಕಾಯಿತು.

ಮೊದಲನೆಯ ಪ್ರಶ್ನೆ: ಎಲ್ಲಿ?

ನಮ್ಮ ವಾಕ್ಯದ ಕೊನೆಯಿಂದ ಪ್ರಾರಂಭಿಸೋಣ. ‘ಸೌತ್ ಇಂಟೀರಿಯರ್ ಕರ್ನಾಟಕ’ ಎಂದರೆ ದಕ್ಷಿಣ ಒಳನಾಡು. ಇಲಾಖೆಯು ದೇಶವನ್ನು ೩೬ ಉಪವಿಭಾಗಗಳಾಗಿ ವಿಂಗಡಿಸಿದೆ. ಕರ್ನಾಟಕಕ್ಕೆ ಅವುಗಳಲ್ಲಿ ಮೂರು: ಕರಾವಳಿ, ಉತ್ತರ ಒಳನಾಡು ಮತ್ತು ದಕ್ಷಿಣ ಒಳನಾಡು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲವೂ ದಕ್ಷಿಣ ಒಳನಾಡಿಗೆ ಸೇರುತ್ತವೆ. ಆದರೆ ಇದೇ ಉಪವಿಭಾಗಕ್ಕೆ ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳೂ ಸೇರುತ್ತವೆ ಎಂಬುದನ್ನು ಮರೆಯಬಾರದು.

ಇದರ ಪರಿಣಾಮವನ್ನು ನೋಡಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೂ ಹಿರಿಯೂರಿಗೂ ನಕ್ಷೆಯ ಮೇಲೆ ನೇರವಾಗಿ ಗೆರೆಯೆಳೆದರೆ ಸುಮಾರು ೧೭೦ ಕಿಲೋಮೀಟರ್. ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಹಿರಿಯೂರಿನಲ್ಲಿ ಬೀಳುವುದು ೬೦೦ ಮಿಲಿಮೀಟರಿನ ಆಸುಪಾಸಿನಲ್ಲೋ ಅದಕ್ಕಿಂತಲೂ ಕಡಿಮೆಯೋ. ಕಾರಣ ಸರಳವಾದುದು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಯು ಪಶ್ಚಿಮ ಘಟ್ಟವನ್ನು ಏರುವಾಗ ಹಿಗ್ಗಿ ತಣ್ಣಗಾಗುತ್ತದೆ. ಆವಿ ಹನಿಗೂಡಿ ಘಟ್ಟದ ಮೇಲೆಯೇ ಸುರಿಯುತ್ತದೆ. ಘಟ್ಟವನ್ನು ದಾಟಿ ಇಳಿಯುವಾಗ ಅದೇ ಗಾಳಿ ಸಂಕುಚಿಸಿ ಬೆಚ್ಚಗಾಗುತ್ತದೆ. ಬೆಚ್ಚಗಾದ ಗಾಳಿಯಲ್ಲಿ ಮೋಡ ಕರಗುತ್ತದೆ. ನಾವಿರುವುದು ಈ ಮಳೆನೆರಳಿನಲ್ಲಿ. ಚಿತ್ರದುರ್ಗದ ಬೆಟ್ಟಸಾಲುಗಳ ಮೇಲಿನ ಗಾಳಿಯಂತ್ರಗಳು ಆಷಾಢದಲ್ಲಿ ಭರದಿಂದ ತಿರುಗುತ್ತಿರುವಾಗಲೇ ಕೆಳಗಿನ ಹೊಲ ಮಳೆಗಾಗಿ ಬಾಯಿಬಿಟ್ಟಿರುವುದನ್ನು ನೀವು ಕಂಡಿರಬಹುದು. ಗಾಳಿ ಅದೇ; ನೀರನ್ನು ಮಾತ್ರ ಹಿಂದೆಯೇ ಇಳಿಸಿ ಬಂದಿರುತ್ತದೆ.

ಆದುದರಿಂದ ‘ದಕ್ಷಿಣ ಒಳನಾಡಿನಲ್ಲಿ ಮಳೆ’ ಎಂಬ ಮಾತು ಆಗುಂಬೆಯಿಂದ ನಿಜವಾಗಬಹುದು. ಹಿರಿಯೂರಿಗೆ ಅದರಿಂದ ಒಂದು ಹನಿಯೂ ಬಾರದಿರಬಹುದು. ಉಪವಿಭಾಗದ ವರದಿಯೊಂದನ್ನೇ ನಂಬದೆ, ಜಿಲ್ಲೆಯ ಹೆಸರು ಹಿಡಿದು ಹೇಳುವ ವರದಿಯನ್ನು ಹುಡುಕಿ ಓದುವುದು ಮೊದಲ ಪಾಠ.

ಎರಡನೆಯ ಪ್ರಶ್ನೆ: ಎಷ್ಟು ಕಡೆ?

‘ಐಸೊಲೇಟೆಡ್’ ಎಂಬ ಮಾತನ್ನು ನಾನು ಅಂದು ಬಿಟ್ಟುಬಿಟ್ಟಿದ್ದೆ. ಇಡೀ ವಾಕ್ಯದ ಜೀವ ಅದರಲ್ಲಿಯೇ ಇದ್ದಿತು. ಮಳೆ ಎಷ್ಟು ಹರಡಿದೆ ಎಂಬುದನ್ನು ಇಲಾಖೆ ನಾಲ್ಕು ಮೆಟ್ಟಿಲುಗಳಲ್ಲಿ ಹೇಳುತ್ತದೆ. ಪ್ರದೇಶದ ಮಳೆಮಾಪನ ಕೇಂದ್ರಗಳನ್ನು ಎಣಿಸಿ, ಅವುಗಳಲ್ಲಿ ಎಷ್ಟಕ್ಕೆ ಕನಿಷ್ಠ ೨.೫ ಮಿಲಿಮೀಟರ್ ಮಳೆ ಬಂದಿದೆ ಎಂದು ನೋಡುತ್ತಾರೆ.

ನೂರು ಕೇಂದ್ರಗಳಲ್ಲಿ ಇಪ್ಪತ್ತೈದು ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಿಗೆ ಮಳೆಯಾದರೆ ‘ಐಸೊಲೇಟೆಡ್’. ಕನ್ನಡದ ವರದಿಯಲ್ಲಿ ಇದು ‘ಒಂದೆರಡು ಕಡೆ’. ಇಪ್ಪತ್ತಾರರಿಂದ ಐವತ್ತರವರೆಗೆ ‘ಸ್ಕ್ಯಾಟರ್ಡ್’, ಎಂದರೆ ‘ಕೆಲವು ಕಡೆ’. ಐವತ್ತೊಂದರಿಂದ ಎಪ್ಪತ್ತೈದರವರೆಗೆ ‘ಫೇರ್ಲಿ ವೈಡ್‌ಸ್ಪ್ರೆಡ್’, ಎಂದರೆ ‘ಹಲವು ಕಡೆ’. ಎಪ್ಪತ್ತಾರಕ್ಕೆ ಮೇಲ್ಪಟ್ಟರೆ ‘ವೈಡ್‌ಸ್ಪ್ರೆಡ್’, ಎಂದರೆ ‘ಬಹುತೇಕ ಕಡೆ’.

‘ಒಂದೆರಡು’, ‘ಕೆಲವು’, ‘ಹಲವು’ ಎಂಬ ಮಾತುಗಳನ್ನು ನಾವು ಸಂಭಾಷಣೆಯಲ್ಲಿ ಒಂದರ ಬದಲು ಇನ್ನೊಂದನ್ನು ಬಳಸುವುದುಂಟು. ಹವಾ ವರದಿಯಲ್ಲಿ ಹಾಗಲ್ಲ. ಆಕಾಶವಾಣಿಯಲ್ಲಿ ‘ಕೆಲವು ಕಡೆ’ ಎಂದು ಕೇಳಿದರೆ ಅರ್ಧಕ್ಕೆ ಮೀರದಷ್ಟು ಕಡೆ ಎಂದೂ ‘ಹಲವು ಕಡೆ’ ಎಂದರೆ ಅರ್ಧಕ್ಕಿಂತ ಹೆಚ್ಚು ಕಡೆ ಎಂದೂ ತಿಳಿಯಬೇಕು. ಹೊಳಲ್ಕೆರೆಯಲ್ಲಿ ಹೊಯ್ದ ಮಳೆ ಹೊಸದುರ್ಗದಲ್ಲಿ ಇಲ್ಲದಿದ್ದರೆ ‘ಕೆಲವು ಕಡೆ’ ಎಂಬ ವರದಿ ತಪ್ಪಾಗುವುದಿಲ್ಲ. ಅದು ಹೇಳಿದ್ದೇ ಅದನ್ನು.

ಮೂರನೆಯ ಪ್ರಶ್ನೆ: ಎಷ್ಟು?

ಮಳೆಯನ್ನು ಮಿಲಿಮೀಟರುಗಳಲ್ಲಿ ಏಕೆ ಅಳೆಯುತ್ತಾರೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನೀರನ್ನು ಅಳೆಯುವುದು ಲೀಟರಿನಲ್ಲಲ್ಲವೇ? ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನಿಂತಿದ್ದರೆ ಎಷ್ಟು ಎತ್ತರಕ್ಕೆ ನಿಲ್ಲುತ್ತಿತ್ತೋ ಅದೇ ಮಳೆಯ ಅಳತೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರು. ಒಂದು ಎಕರೆಯೆಂದರೆ ಸುಮಾರು ೪೦೪೭ ಚದರ ಮೀಟರ್. ಆದ್ದರಿಂದ ೨೫ ಮಿಲಿಮೀಟರ್, ಎಂದರೆ ಹಳೆಯ ಲೆಕ್ಕದ ಒಂದು ಅಂಗುಲ ಮಳೆ ಬಿದ್ದರೆ, ಎಕರೆಗೆ ಒಂದು ಲಕ್ಷ ಲೀಟರಿಗೂ ಮೇಲ್ಪಟ್ಟು ನೀರು ಇಳಿದಂತಾಯಿತು!

ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಿದ್ದ ಮಳೆಗೆ ಇಲಾಖೆಯ ವರ್ಗೀಕರಣ ಹೀಗಿದೆ. ೨.೪ ಮಿಲಿಮೀಟರಿನವರೆಗೆ ‘ವೆರಿ ಲೈಟ್’, ಅತಿ ಹಗುರ. ೨.೫ರಿಂದ ೧೫.೫ರವರೆಗೆ ‘ಲೈಟ್’, ಹಗುರ. ೧೫.೬ರಿಂದ ೬೪.೪ರವರೆಗೆ ‘ಮಾಡರೇಟ್’, ಸಾಧಾರಣ. ೬೪.೫ರಿಂದ ೧೧೫.೫ರವರೆಗೆ ‘ಹೆವಿ’, ಭಾರಿ. ೧೧೫.೬ರಿಂದ ೨೦೪.೪ರವರೆಗೆ ‘ವೆರಿ ಹೆವಿ’, ಅತಿ ಭಾರಿ. ಅದಕ್ಕೂ ಮೀರಿದರೆ ‘ಎಕ್ಸ್‌ಟ್ರೀಮ್ಲಿ ಹೆವಿ’, ಅತ್ಯಂತ ಭಾರಿ.

ಇಲ್ಲಿ ರೈತನಿಗೂ ವಿದ್ಯಾರ್ಥಿಗೂ ಒಂದು ಮುಖ್ಯವಾದ ಸಂಗತಿ ಅಡಗಿದೆ. ಬಿತ್ತನೆಗೆ ಬೇಕಾದ ಹದಮಳೆಯು ಮಣ್ಣನ್ನು ನೋಡಿಕೊಂಡು ಇಪ್ಪತ್ತೋ ಮೂವತ್ತೋ ಮಿಲಿಮೀಟರಿನಷ್ಟು ಇದ್ದರೆ ಸಾಕು. ಪಟ್ಟಿಯಲ್ಲಿ ಅದು ‘ಸಾಧಾರಣ’ದ ಮನೆಗೆ ಬರುತ್ತದೆ. ‘ಸಾಧಾರಣ’ ಎಂಬ ಮಾತನ್ನು ಕೇಳಿ ಮೂಗು ಮುರಿಯುವುದೂ ‘ಭಾರಿ’ ಎಂಬುದನ್ನು ಕೇಳಿ ಹಿಗ್ಗುವುದೂ ತಪ್ಪು. ಭಾರಿ ಮಳೆಯೆಂದರೆ ಎಕರೆಗೆ ಎರಡೂವರೆ ಲಕ್ಷ ಲೀಟರಿಗೆ ಮೇಲ್ಪಟ್ಟ ನೀರು. ಇಳಿಜಾರಿನ ಹೊಲದಲ್ಲಿ ಅದು ಬೀಜವನ್ನೂ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಈರುಳ್ಳಿಯ ಹೊಲದಲ್ಲಿ ನಿಂತರೆ ಗೆಡ್ಡೆ ಕೊಳೆಯುತ್ತದೆ.

ನಾಲ್ಕನೆಯ ಪ್ರಶ್ನೆ: ಎಷ್ಟರಮಟ್ಟಿಗೆ ಖಚಿತ?

ನಾನು ಹೆಚ್ಚು ಎಡವಿದ್ದು ಇಲ್ಲಿ. ‘ಲೈಕ್ಲಿ’ ಎಂದರೆ ‘ಆಗುವ ಸಂಭವವೇ ಹೆಚ್ಚು’ ಎಂದು ಇಂಗ್ಲಿಷ್ ಬಲ್ಲವರೆಲ್ಲರೂ ಅರ್ಥಮಾಡುತ್ತಾರೆ. ಇಲಾಖೆಯ ಪಟ್ಟಿಯಲ್ಲಿ ಅದರ ಅರ್ಥ ಬೇರೆ. ನೂರರಲ್ಲಿ ಇಪ್ಪತ್ತೈದಕ್ಕಿಂತ ಕಡಿಮೆ ಸಂಭವವಿದ್ದರೆ ‘ಅನ್‌ಲೈಕ್ಲಿ’. ಇಪ್ಪತ್ತೈದರಿಂದ ಐವತ್ತರವರೆಗೆ ‘ಲೈಕ್ಲಿ’. ಐವತ್ತರಿಂದ ಎಪ್ಪತ್ತೈದರವರೆಗೆ ‘ವೆರಿ ಲೈಕ್ಲಿ’. ಅದಕ್ಕೆ ಮೇಲ್ಪಟ್ಟರೆ ‘ಮೋಸ್ಟ್ ಲೈಕ್ಲಿ’. ಎಂದರೆ ಬರಿಯ ‘ಲೈಕ್ಲಿ’ ಎಂಬಲ್ಲಿ ಮಳೆ ಬರುವುದಕ್ಕಿಂತ ಬಾರದಿರುವ ಸಂಭವವೇ ಹೆಚ್ಚು!

ಈಗ ಒಂದು ಒರಟು ಲೆಕ್ಕ ಮಾಡೋಣ. ಎಲ್ಲ ಊರುಗಳೂ ಸಮಾನವೆಂದು ಭಾವಿಸಿರಿ. ‘ಲೈಕ್ಲಿ’ ಎಂದಾಗ ಭಾರಿ ಮಳೆ ಬರುವ ಸಂಭವ ಹೆಚ್ಚೆಂದರೆ ಎರಡರಲ್ಲಿ ಒಂದು. ಬಂದರೂ ‘ಐಸೊಲೇಟೆಡ್’ ಆದುದರಿಂದ ಅದು ತಲುಪುವುದು ಹೆಚ್ಚೆಂದರೆ ನಾಲ್ಕು ಕೇಂದ್ರಗಳಲ್ಲಿ ಒಂದಕ್ಕೆ. ಎರಡನ್ನೂ ಗುಣಿಸಿದರೆ, ಗೊತ್ತಾದ ಒಂದು ಊರಿಗೆ ಭಾರಿ ಮಳೆ ಬರುವ ಸಂಭವ ಎಂಟರಲ್ಲಿ ಒಂದನ್ನು ಮೀರದು. ವಾಸ್ತವದಲ್ಲಿ ಊರುಗಳೆಲ್ಲ ಸಮಾನವಲ್ಲ. ಜೂನ್ ತಿಂಗಳಲ್ಲಿ ಆ ‘ಒಂದೆರಡು ಕಡೆ’ ಎಂಬುದು ಬಹುಮಟ್ಟಿಗೆ ಮಲೆನಾಡಿನ ಪಾಲು. ಹೀಗಿರುವಾಗ ಹಿರಿಯೂರಿನ ಹೊಲಕ್ಕೆ ಅದು ಇನ್ನೂ ಕಡಿಮೆ. ಇಷ್ಟು ಚಿಕ್ಕ ಸಂಭವದ ಮೇಲೆ ಮೂರು ಎಕರೆ ಬೀಜವನ್ನು ಪಣಕ್ಕೆ ಹಚ್ಚಿರೆಂದು ನಾನು ಹೇಳಿದ್ದೆ.

ಸಂಭವವನ್ನು ಹೇಳುವ ವರದಿಯನ್ನು ಒಂದು ದಿನದ ಫಲದಿಂದ ಸುಳ್ಳೆನ್ನಲಾಗದು ಎಂಬುದನ್ನೂ ಇಲ್ಲಿ ಗಮನಿಸಬೇಕು. ದಾಳವನ್ನು ಉರುಳಿಸಿದಾಗ ಆರು ಬೀಳುವ ಸಂಭವ ಆರರಲ್ಲಿ ಒಂದು ಎಂದವನು, ಆರು ಬೀಳದಿದ್ದರೆ ಸುಳ್ಳುಗಾರನಾಗುವನೇ? ‘ಲೈಕ್ಲಿ’ ಎಂದ ನೂರು ದಿನಗಳನ್ನು ಎಣಿಸಿ, ಅವುಗಳಲ್ಲಿ ಇಪ್ಪತ್ತೈದರಿಂದ ಐವತ್ತು ದಿನ ಮಳೆಯಾಯಿತೇ ಎಂದು ನೋಡಬೇಕು. ವರದಿಯನ್ನು ಪರೀಕ್ಷಿಸುವ ಸರಿಯಾದ ದಾರಿ ಅದೇ.

ದಿನ ಎಂದರೆ ಯಾವ ದಿನ?

ಇಲಾಖೆಯ ಮಳೆಯ ದಿನ ನಡುರಾತ್ರಿಗೆ ಮೊದಲಾಗುವುದಿಲ್ಲ. ಬೆಳಗಿನ ಎಂಟೂವರೆಯಿಂದ ಮಾರನೆಯ ಬೆಳಗಿನ ಎಂಟೂವರೆಯವರೆಗೆ ಒಂದು ದಿನ. ಮಂಗಳವಾರ ಸಂಜೆ ಹೊಸದುರ್ಗದಲ್ಲಿ ಸುರಿದ ಮಳೆ ಬುಧವಾರದ ಲೆಕ್ಕಕ್ಕೆ ಬರೆಯಲ್ಪಡುತ್ತದೆ. ಇದನ್ನು ತಿಳಿಯದೆ, ‘ನಿನ್ನೆ ಸುರಿದದ್ದನ್ನು ಇಂದು ಎಂದು ಬರೆದಿದ್ದಾರೆ’ ಎಂದು ಗೊಣಗುವುದುಂಟು.

ಮುನ್ಸೂಚನೆಗೆ ಎಷ್ಟು ದೂರದ ನೋಟವಿದೆ ಎಂಬುದಕ್ಕೂ ಪದಗಳಿವೆ. ಮುಂದಿನ ಕೆಲವು ಗಂಟೆಗಳನ್ನಷ್ಟೇ ಹೇಳುವುದು ‘ನೌಕಾಸ್ಟ್’. ಮೂರು ದಿನಗಳವರೆಗೆ ‘ಶಾರ್ಟ್ ರೇಂಜ್’. ಹತ್ತು ದಿನಗಳವರೆಗೆ ‘ಮೀಡಿಯಮ್ ರೇಂಜ್’. ನಾಲ್ಕು ವಾರಗಳವರೆಗೆ ‘ಎಕ್ಸ್‌ಟೆಂಡೆಡ್ ರೇಂಜ್’. ಇಡೀ ಋತುವಿಗೆ ‘ಲಾಂಗ್ ರೇಂಜ್’. ನೋಟ ದೂರವಾದಷ್ಟೂ ವಿವರ ಮಸುಕಾಗುತ್ತದೆ. ಮುಂಗಾರಿನ ಒಟ್ಟು ಮೊತ್ತವನ್ನು ಅಂದಾಜಿಸುವ ಏಪ್ರಿಲ್ ತಿಂಗಳ ಹೇಳಿಕೆಯಿಂದ ಜೂನ್ ೧೫ರ ಬಿತ್ತನೆಯನ್ನು ಗೊತ್ತುಮಾಡಲಾಗದು.

ಮಳೆಯನ್ನು ತರುವ ಪದಗಳು

ಎಷ್ಟು ಮಳೆ ಎಂಬುದನ್ನು ಹೇಳಿದ ಮೇಲೆ ವರದಿಯು ಅದರ ಕಾರಣವನ್ನೂ ಹೇಳುವುದುಂಟು. ನಮ್ಮ ಪತ್ರಿಕೆಗಳಲ್ಲಿ ‘ವಾಯುಭಾರ ಕುಸಿತ’ ಎಂಬ ಒಂದೇ ಮಾತಿನಲ್ಲಿ ಅನೇಕ ಬೇರೆಬೇರೆ ಸ್ಥಿತಿಗಳು ಬೆರೆತುಹೋಗುತ್ತವೆ. ಸುತ್ತಲಿನ ಪ್ರದೇಶಕ್ಕಿಂತ ವಾಯುವಿನ ಒತ್ತಡ ಕಡಿಮೆಯಾಗಿ, ಗಾಳಿ ಅದರ ಸುತ್ತ ಸುಳಿಯತೊಡಗಿದರೆ ಅದು ‘ಲೋ ಪ್ರೆಷರ್ ಏರಿಯಾ’. ಸುಳಿಯುವ ಗಾಳಿಯ ವೇಗ ಗಂಟೆಗೆ ೩೧ ಕಿಲೋಮೀಟರಿಗೆ ಏರಿದರೆ ಅದು ‘ಡಿಪ್ರೆಷನ್’. ೫೦ಕ್ಕೆ ಏರಿದರೆ ‘ಡೀಪ್ ಡಿಪ್ರೆಷನ್’. ೬೨ಕ್ಕೆ ಏರಿದರೆ ‘ಸೈಕ್ಲೋನಿಕ್ ಸ್ಟಾರ್ಮ್’, ಎಂದರೆ ಚಂಡಮಾರುತ. ಅಲ್ಲಿಂದ ಮುಂದೆ ಇನ್ನೂ ಮೆಟ್ಟಿಲುಗಳಿವೆ. ೨೨೨ ಕಿಲೋಮೀಟರ್ ಮುಟ್ಟಿದರೆ ‘ಸೂಪರ್ ಸೈಕ್ಲೋನ್’.

ಇವುಗಳೊಡನೆ ಬೆರೆಸಬಾರದ ಇನ್ನೊಂದು ಮಾತು ‘ಸೈಕ್ಲೋನಿಕ್ ಸರ್ಕ್ಯುಲೇಷನ್’. ಹೆಸರನ್ನು ಕೇಳಿ ಚಂಡಮಾರುತ ಬಂದಿತೆಂದು ಗಾಬರಿಯಾಗುವವರುಂಟು. ಅದು ಮೇಲಿನ ವಾಯುವಿನಲ್ಲಿ ಗಾಳಿಯು ಎಡಸುತ್ತಾಗಿ ತಿರುಗುತ್ತಿದೆ ಎಂಬ ಸೂಚನೆ ಮಾತ್ರ. ‘ಟ್ರಫ್’ ಎಂದರೆ ನಕ್ಷೆಯ ಮೇಲೆ ಉದ್ದಕ್ಕೆ ಚಾಚಿದ ಕಡಿಮೆ ಒತ್ತಡದ ಪಟ್ಟಿ. ದನಗಳಿಗೆ ನೀರುಣಿಸುವ ಉದ್ದನೆಯ ತೊಟ್ಟಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಉಪಮೆ ಚೆನ್ನಾಗಿಯೇ ಇದೆ. ತೊಟ್ಟಿಯೊಳಗೆ ನೀರು ಸೇರುವಂತೆ ಈ ಪಟ್ಟಿಯೊಳಕ್ಕೆ ಸುತ್ತಲಿನ ತೇವದ ಗಾಳಿ ಸೇರಿ ಮೇಲೇರುತ್ತದೆ. ಗಾಳಿಯ ದಿಕ್ಕಿನ ವಿಷಯದಲ್ಲಿಯೂ ಎಚ್ಚರ ಬೇಕು. ‘ವೆಸ್ಟರ್ಲಿ’ ಎಂದರೆ ಪಶ್ಚಿಮದ ಕಡೆಗೆ ಬೀಸುವ ಗಾಳಿಯಲ್ಲ, ಪಶ್ಚಿಮದಿಂದ ಬೀಸುವ ಗಾಳಿ.

ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯ ತಿಂಗಳುಗಳು. ಆ ಕಾಲದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ‘ಲೋ’, ‘ಡಿಪ್ರೆಷನ್’ಗಳು ಪೂರ್ವದಿಂದ ಬರುವುದರಿಂದ ಅವುಗಳಿಗೆ ಪಶ್ಚಿಮ ಘಟ್ಟದ ಅಡ್ಡಿಯಿಲ್ಲ. ಆದಕಾರಣ ಜೂನ್ ತಿಂಗಳ ‘ದಕ್ಷಿಣ ಒಳನಾಡಿನಲ್ಲಿ ಮಳೆ’ ಎಂಬ ವಾಕ್ಯಕ್ಕೂ ಅಕ್ಟೋಬರ್ ತಿಂಗಳ ಅದೇ ವಾಕ್ಯಕ್ಕೂ ಹಿರಿಯೂರಿನವರು ಕೊಡಬೇಕಾದ ಬೆಲೆ ಒಂದೇ ಅಲ್ಲ.

ಏಪ್ರಿಲ್, ಮೇ ತಿಂಗಳುಗಳಲ್ಲಿ ‘ಥಂಡರ್‌ಸ್ಟಾರ್ಮ್’ ಮತ್ತು ‘ಸ್ಕ್ವಾಲ್’ ಎಂಬ ಮಾತುಗಳು ಕಂಡರೆ ಅಲಕ್ಷಿಸಬಾರದು. ಮೊದಲನೆಯದು ಗುಡುಗುಸಿಡಿಲಿನ ಮಳೆ. ಎರಡನೆಯದು ಬಿರುಗಾಳಿಯ ಹೊಡೆತ: ಗಾಳಿಯ ವೇಗ ಥಟ್ಟನೆ ಏರಿ, ಗಂಟೆಗೆ ೪೦ ಕಿಲೋಮೀಟರಾದರೂ ಆಗಿ, ಒಂದು ನಿಮಿಷವಾದರೂ ನಿಲ್ಲಬೇಕು, ಆಗ ಅದು ‘ಸ್ಕ್ವಾಲ್’. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿರಿ. ಶಬ್ದವು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಚಲಿಸುತ್ತದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಒಂಟಿಮರದ ಕೆಳಗೆ ನಿಲ್ಲದೆ, ಬಯಲಲ್ಲಿ ನಡೆಯದೆ, ಕೂಡಲೇ ಮನೆಯೊಳಗೆ ಸೇರಬೇಕು.

‘ನಾರ್ಮಲ್’ ಎಂಬ ಮೋಸದ ಮಾತು

ಹವಾ ವರದಿಯಲ್ಲಿ ಅತ್ಯಂತ ಸುಲಭವಾಗಿ ತೋರುವ ಮಾತು ‘ನಾರ್ಮಲ್’. ಅದೇ ಅತ್ಯಂತ ಕಠಿಣವಾದದ್ದೂ ಹೌದು. ಅನೇಕ ವರ್ಷಗಳ ಮಳೆಯ ಸರಾಸರಿಗೆ ಇಲ್ಲಿ ಆ ಹೆಸರು. ಉಪವಿಭಾಗ ಅಥವಾ ಜಿಲ್ಲೆಯ ಲೆಕ್ಕದಲ್ಲಿ ಸರಾಸರಿಗಿಂತ ಶೇಕಡಾ ೧೯ರಷ್ಟು ಹೆಚ್ಚಾದರೂ ೧೯ರಷ್ಟು ಕಡಿಮೆಯಾದರೂ ಅದು ‘ನಾರ್ಮಲ್’ ಎಂದೇ ಪರಿಗಣಿತವಾಗುತ್ತದೆ. ಶೇಕಡಾ ೨೦ರಿಂದ ೫೯ರವರೆಗೆ ಕಡಿಮೆಯಾದರೆ ‘ಡಿಫಿಷಿಯೆಂಟ್’. ೬೦ ಅಥವಾ ಅದಕ್ಕೂ ಹೆಚ್ಚು ಕಡಿಮೆಯಾದರೆ ‘ಲಾರ್ಜ್ ಡಿಫಿಷಿಯೆಂಟ್’.

ಇಡೀ ದೇಶದ ಮುಂಗಾರಿನ ಲೆಕ್ಕಕ್ಕೆ ಬಂದರೆ ಇದೇ ಪದಕ್ಕೆ ಅಳತೆಗೋಲು ಬದಲಾಗುತ್ತದೆ. ಅಲ್ಲಿ ದೀರ್ಘಾವಧಿ ಸರಾಸರಿಯ ಶೇಕಡಾ ೯೬ರಿಂದ ೧೦೪ರವರೆಗೆ ಮಾತ್ರ ‘ನಾರ್ಮಲ್’. ೧೯೭೧ರಿಂದ ೨೦೨೦ರವರೆಗಿನ ಲೆಕ್ಕದಂತೆ ಆ ಸರಾಸರಿ ೮೭ ಸೆಂಟಿಮೀಟರ್. ೨೦೧೬ರ ಮುಂಗಾರು ದೇಶದ ಒಟ್ಟು ಲೆಕ್ಕದಲ್ಲಿ ಶೇಕಡಾ ೯೭, ಎಂದರೆ ‘ನಾರ್ಮಲ್’. ಅದೇ ವರ್ಷ ಕರ್ನಾಟಕದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರವು ಬರಪೀಡಿತವೆಂದು ಸಾರಬೇಕಾಯಿತು. ದೇಶದ ಸರಾಸರಿಯಲ್ಲಿ ನಮ್ಮ ಕೆರೆ ತುಂಬುವುದಿಲ್ಲ.

ಸರಾಸರಿಯ ಸ್ವಭಾವವನ್ನು ತಿಳಿಯಲು ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ೧೮೯೮ರಲ್ಲಿ ಪ್ರಾರಂಭವಾಗಿ ೧೯೦೭ರಲ್ಲಿ ಮುಗಿದ ಈ ಜಲಾಶಯ ೧೯೩೩ರಲ್ಲಿ ತುಂಬಿ ಕೋಡಿ ಹರಿಯಿತು. ಅದು ಮತ್ತೆ ಕೋಡಿ ಹರಿದದ್ದು ೨೦೨೨ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷಗಳು! ಆ ವೇಳೆಗೆ ಭದ್ರೆಯಿಂದ ಹರಿಸಿದ ನೀರೂ ಅದಕ್ಕೆ ಸೇರುತ್ತಿದ್ದಿತು. ೨೦೨೫ರ ಜನವರಿಯಲ್ಲಿ ಅದು ಪುನಃ ಕೋಡಿ ಹರಿಯಿತು. ಈ ಎಲ್ಲ ವರ್ಷಗಳಿಗೂ ಸರಾಸರಿಯೊಂದನ್ನು ಬರೆದುಬಿಡಬಹುದು. ಆದರೆ ಕೂಡಿ ಭಾಗಿಸಿದ ಆ ಒಂದು ಅಂಕೆಯು ಬರದ ವರ್ಷಗಳನ್ನೂ ತುಂಬಿದ ವರ್ಷವನ್ನೂ ಒಟ್ಟಿಗೆ ಮರೆಮಾಡುತ್ತದೆ.

ಬಣ್ಣಗಳ ಮಾತು

ಈಚಿನ ವರದಿಗಳಲ್ಲಿ ಪದಗಳ ಜೊತೆಗೆ ಬಣ್ಣಗಳೂ ಬಂದಿವೆ. ಹಸಿರು ಎಂದರೆ ಎಚ್ಚರಿಕೆಯೇನೂ ಇಲ್ಲ. ಹಳದಿ ಎಂದರೆ ವರದಿಯನ್ನು ಗಮನಿಸುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕಾರ್ಯಪ್ರವೃತ್ತರಾಗಿರಿ. ಬಣ್ಣವು ಮಳೆಯ ಮೊತ್ತವನ್ನಷ್ಟೇ ಅಲ್ಲ, ಅದರಿಂದಾಗಬಹುದಾದ ಹಾನಿಯನ್ನೂ ಸೂಚಿಸುತ್ತದೆ. ‘ಯೆಲ್ಲೊ ಅಲರ್ಟ್ ಎಂದಿದ್ದರು, ಏನೂ ಆಗಲಿಲ್ಲ’ ಎಂದು ದೂರುವವರು, ಹಳದಿಯ ಅರ್ಥ ‘ಗಮನಿಸುತ್ತಿರಿ’ ಎಂಬುದಷ್ಟೇ ಎಂದು ನೆನೆಯಬೇಕು.

ನೀವು ಮಾಡಬಹುದಾದ ಕೆಲಸ

ಪದಗಳ ಅರ್ಥವನ್ನು ಉರುಹೊಡೆಯುವುದಕ್ಕಿಂತ ಅಳೆದು ತಿಳಿಯುವುದು ಮೇಲು. ನೇರವಾದ ಗೋಡೆಯುಳ್ಳ, ಚಪ್ಪಟೆಯಾದ ತಳವುಳ್ಳ ಯಾವ ಪಾತ್ರೆಯಾದರೂ ಮಳೆಮಾಪಕವೇ. ಬಾಯಿ ದೊಡ್ಡದಾದರೆ ಹೆಚ್ಚು ನೀರು ಬೀಳುತ್ತದೆ. ಆದರೆ ಆ ನೀರು ಅಷ್ಟೇ ಅಗಲವಾಗಿ ಹರಡುವುದರಿಂದ ಎತ್ತರ ಬದಲಾಗುವುದಿಲ್ಲ. ಸಣ್ಣ ಮಳೆಯನ್ನೂ ಸರಿಯಾಗಿ ಓದಬೇಕಾದರೆ, ಹತ್ತು ಸೆಂಟಿಮೀಟರ್ ವ್ಯಾಸದ ಆಲಿಕೆಯೊಂದನ್ನು ಐದು ಸೆಂಟಿಮೀಟರ್ ವ್ಯಾಸದ ಗಾಜಿನ ಕೊಳವೆಯ ಮೇಲಿಡಿ. ವ್ಯಾಸ ಅರ್ಧವಾದರೆ ಕ್ಷೇತ್ರಫಲ ಕಾಲುಭಾಗ. ಆದ್ದರಿಂದ ಒಂದು ಮಿಲಿಮೀಟರ್ ಮಳೆ ಕೊಳವೆಯಲ್ಲಿ ನಾಲ್ಕು ಮಿಲಿಮೀಟರ್ ಏರುತ್ತದೆ. ಮರ, ಮಾಡುಗಳಿಂದ ದೂರವಾಗಿ ಬಯಲಿನಲ್ಲಿಟ್ಟು ದಿನವೂ ಬೆಳಗ್ಗೆ ಎಂಟೂವರೆಗೆ ಓದಿ ಬರೆಯಿರಿ. ಪಕ್ಕದಲ್ಲಿಯೇ ಹಿಂದಿನ ದಿನದ ಮುನ್ಸೂಚನೆಯನ್ನೂ ಬರೆಯಿರಿ. ಬೆಂಗಳೂರಿನಲ್ಲಿರುವ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ೧೯೮೮ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ್ದು, ಈಗ ಗ್ರಾಮ ಪಂಚಾಯಿತಿಗಳ ಮಟ್ಟದ ಮಳೆಮಾಪಕಗಳಿಂದ ಅಂಕೆಗಳನ್ನು ಪಡೆಯುತ್ತಿದೆ. ನಿಮ್ಮ ಅಂಕೆಯನ್ನು ನಿಮ್ಮ ಹೋಬಳಿಯ ಅಂಕೆಯೊಡನೆ ಹೋಲಿಸಿ ನೋಡಬಹುದು.

ಹಿರಿಯೂರಿನ ಆ ವಿದ್ಯಾರ್ಥಿ ಇಂತಹ ಮಾಪಕವೊಂದನ್ನು ಮಾಡಿ ತನ್ನ ಮನೆಯ ಕಣದಲ್ಲಿ ನೆಟ್ಟನು. ಮರುವರ್ಷ ಜೂನ್ ತಿಂಗಳಲ್ಲಿ ತಂದೆ ಮಗ ಇಬ್ಬರೂ ಪುನಃ ಬಂದರು. ಮೊಬೈಲಿನಲ್ಲಿ ಅಂತಹುದೇ ಒಂದು ವಾಕ್ಯವಿದ್ದಿತು. ಈ ಸಲ ತಂದೆ “ಮಳೆ ಬರುತ್ತದೆಯೇ ಮೇಷ್ಟ್ರೇ?” ಎಂದು ಕೇಳಲಿಲ್ಲ. “ಎಷ್ಟು ಕಡೆ, ಎಷ್ಟು ಮಳೆ, ನೂರಕ್ಕೆ ಎಷ್ಟು ಪಾಲು ಭರವಸೆ ಅಂತ ಹೇಳಿದ್ದಾರೆ?” ಎಂದು ಕೇಳಿದರು. ನಾನು ಬಾಯಿತೆರೆಯುವ ಮೊದಲೇ ಮಗನು ಒಂದೊಂದಾಗಿ ಹೇಳಿದನು. ಮುದುಕರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಇನ್ನೊಂದು ವಾರ ತಡೆಯೋಣ” ಎಂದು ಎದ್ದರು.

ಆ ವಾರದಲ್ಲಿ ಮಳೆ ಬಂದಿತೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಬಿತ್ತುವುದೋ ತಡೆಯುವುದೋ ಎಂಬುದನ್ನು ಅವರು ಅಂದು ನನ್ನ ಮಾತಿನ ಮೇಲೆ ಅಲ್ಲ, ವಾಕ್ಯದ ಸರಿಯಾದ ಅರ್ಥದ ಮೇಲೆ ತಾವೇ ತೀರ್ಮಾನಿಸಿದರು.